ನಲವತ್ತಾರು ಮಂದಿ, ದಡ ಸೇರಿಸಲಾಗಿದೆ

ಪತ್ರಿಕೆಗೆ ನಾನಾಗಿ ಬರೆದುಕೊಟ್ಟದ್ದಲ್ಲ. ಯುದ್ಧ ಗೆದ್ದು ಇಪ್ಪತ್ತು ವರ್ಷವಾಯಿತು, ನಿಮ್ಮ ನೆನಪುಗಳು ಬೇಕೇ ಬೇಕು ಎಂದು ಜಿಲ್ಲಾ ಪತ್ರಿಕೆಯ ಹುಡುಗಿಯೊಬ್ಬಳು ಮೂರು ಸಲ ಬಂದು ತಲೆ ತಿಂದಳು. ನಾಲ್ಕನೆಯ ಸಲ ಅವಳನ್ನು ತೊಲಗಿಸುವುದಕ್ಕೆಂದೇ ಎರಡು ಹಾಳೆ ಗೀಚಿ ಕೊಟ್ಟೆ. ನಲವತ್ಮೂರರ ನವೆಂಬರ್, ಕೆರ್ಚ್ ಜಲಸಂಧಿ, ಬಿರುಗಾಳಿ, ಜರ್ಮನ್ನರ ಶೋಧದೀಪಗಳು, ನನ್ನ ದೋಣಿ, ಅದರಲ್ಲಿದ್ದ ನಲವತ್ತಾರು ಸೈನಿಕರು. ಎಲ್ಲರನ್ನೂ ದಡ ಸೇರಿಸಿ ಹಿಂದಿರುಗಿದೆ ಎಂದು ಮುಗಿಸಿದ್ದೆ. ಅವರು ಅದಕ್ಕೆ ‘ಒಬ್ಬನನ್ನೂ ಕಳೆದುಕೊಳ್ಳದ ಕ್ಯಾಪ್ಟನ್’ ಎಂಬ ತಲೆಬರಹ ಕೊಟ್ಟು, ಎದೆಯ ಮೇಲೆ ಕೆಂಪು ನಕ್ಷತ್ರದ ಪದಕವಿರುವ ನನ್ನ ಫೋಟೋ ಹಾಕಿದರು. ಫೋಟೋದಲ್ಲಿ ನಾನು ಮಲಬದ್ಧತೆಯಿಂದ ನರಳುವವನಂತೆ ಕಾಣುತ್ತಿದ್ದೆ.

ಅದಾದ ಎರಡನೆಯ ವಾರ ಆ ಹೆಂಗಸು ಬಂದಳು.

ತೆಮ್ರ್ಯುಕ್‌ನ ಮೀನು ಬಂದರಿನಲ್ಲಿ ಯಾವ ದೋಣಿ ಯಾವಾಗ ಹೊರಡಬೇಕೆಂದು ಹೇಳುವ ಕೆಲಸ ನನ್ನದು. ಏಪ್ರಿಲ್ ತಿಂಗಳು, ಮಧ್ಯಾಹ್ನ, ಗಾಳಿ ಎದ್ದಿತ್ತು. ಇಬ್ಬರು ದೋಣಿಯವರನ್ನು ಬಾಯಿಗೆ ಬಂದಂತೆ ಬೈದು ಆಗಷ್ಟೇ ಕುಳಿತಿದ್ದೆ. ಬಾಗಿಲು ತಟ್ಟದೆ ಒಳಗೆ ಬಂದವಳಿಗೆ ಐವತ್ತರ ಮೇಲಿರಬಹುದು. ತಲೆಗೆ ಕಪ್ಪು ವಸ್ತ್ರ, ಕಾಲಿಗೆ ಗಂಡಸರ ಬೂಟು, ಕೈಯಲ್ಲಿ ಗಂಟು. ಗಂಟನ್ನು ನನ್ನ ಮೇಜಿನ ಮೇಲೇ ಇಟ್ಟು, ಅದರೊಳಗಿಂದ ಪತ್ರಿಕೆಯ ತುಂಡನ್ನು ತೆಗೆದು ನನ್ನ ಮುಖದ ಮುಂದೆ ಹಿಡಿದಳು.

“ಇದು ನೀವೇನಾ?”

“ಫೋಟೋ ಕೆಟ್ಟದಾಗಿದೆ. ಆದ್ರೂ ನಾನೇ. ಏನಮ್ಮಾ ಬೇಕು?”

“ಎಲ್ಲರನ್ನೂ ದಡ ಸೇರಿಸ್ದೆ ಅಂತ ಬರ್ದಿದೀರಿ. ಎಲ್ಲರೂ ಅಂದ್ರೆ ಪ್ರೋಖೊರ್ ಜುಯೆವ್‌ನನ್ನೂ ಸೇರಿಸ್ದಿರಾ?”

ಆ ಹೆಸರನ್ನು ಇಪ್ಪತ್ತೆರಡು ವರ್ಷದಿಂದ ಯಾರ ಬಾಯಲ್ಲೂ ಕೇಳಿರಲಿಲ್ಲ. ನನ್ನ ತಲೆಯೊಳಗೆ ಮಾತ್ರ ಆಗಾಗ ಕೇಳಿಸುತ್ತಿತ್ತು. ಯಾವ ಜುಯೆವ್ ಎಂದೆ.

“ಸಾರ್ಜೆಂಟ್ ಜುಯೆವ್. ನನ್ನ ಗಂಡ. ನಾನು ಗ್ಲಫಿರಾ ತಿಖೋನೊವ್ನಾ. ನಿಮ್ಮ ದೋಣಿನಲ್ಲಿ ಕೂತಿದ್ದ. ಅವನ ಪಕ್ಕ ಕೂತಿದ್ದವನೇ ನಂಗೆ ಕಾಗದ ಬರ್ದಿದ್ದ. ದೋಣಿನಲ್ಲಿ ನೋಡ್ದೆ, ದಡದಲ್ಲಿ ನೋಡ್ಲಿಲ್ಲ ಅಂತ. ಅವನೂ ಹೋದ ವರ್ಷ ಸತ್ತ. ಈಗ ನೀವೊಬ್ಬರು ಉಳ್ಕೊಂಡಿದೀರಿ.”

ಉಳಿದುಕೊಂಡಿದ್ದು ನನ್ನ ತಪ್ಪು ಎನ್ನುವ ಹಾಗಿತ್ತು ಅವಳ ಧಾಟಿ. ಮೈ ಉರಿಯಿತು. ಯುದ್ಧದಲ್ಲಿ ಲಕ್ಷಾಂತರ ಜನ ಸತ್ತರು, ನಾನು ಪ್ರತಿಯೊಬ್ಬನ ಲಗಾಮು ಹಿಡಿದುಕೊಂಡಿರಲಿಲ್ಲ ಎಂದೆ. ಅವಳು ಕೇಳಿಸಿಕೊಂಡಳು, ಕುರ್ಚಿ ಎಳೆದು ಕುಳಿತಳು. ಕುಳಿತುಕೋ ಎಂದು ನಾನು ಹೇಳಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಇಷ್ಟು. ಮೇ ಒಂಬತ್ತಕ್ಕೆ, ವಿಜಯದ ದಿನ, ಅವರ ಹಳ್ಳಿಯಲ್ಲಿ ಕಲ್ಲು ನಿಲ್ಲಿಸುತ್ತಿದ್ದಾರೆ. ಯುದ್ಧದಲ್ಲಿ ಮಡಿದ ಹಳ್ಳಿಯವರ ಹೆಸರುಗಳನ್ನು ಅದರಲ್ಲಿ ಕೆತ್ತುತ್ತಾರೆ. ಪ್ರೋಖೊರ್ ಜುಯೆವ್‌ನ ಹೆಸರಿಲ್ಲ, ಏಕೆಂದರೆ ಅವನು ಮಡಿದಿಲ್ಲ. ಕಾಗದದಲ್ಲಿ ಅವನು ‘ಸುಳಿವಿಲ್ಲದೆ ಕಾಣೆಯಾದವನು’. ಸುಳಿವಿಲ್ಲದೆ ಕಾಣೆಯಾಗುವುದೆಂದರೆ ನಮ್ಮಲ್ಲಿ ಏನರ್ಥ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸತ್ತವನ ಹೆಂಡತಿಗೆ ಜನ ತಲೆಬಾಗುತ್ತಾರೆ. ಕಾಣೆಯಾದವನ ಹೆಂಡತಿಯ ಬೆನ್ನ ಹಿಂದೆ ಪಿಸುಗುಟ್ಟುತ್ತಾರೆ. ಕೈ ಮೇಲೆತ್ತಿ ಶರಣಾಗಿರಬೇಕು, ಎಲ್ಲೋ ಜರ್ಮನಿಯಲ್ಲಿ ಸಾಸೇಜು ತಿನ್ನುತ್ತ ಕೊಬ್ಬಿರಬೇಕು ಎನ್ನುತ್ತಾರೆ.

“ನನ್ನ ಮಗಳ ಮದುವೆ ನಿಂತೋಯ್ತು,” ಎಂದಳು. “ಹುಡುಗನ ತಾಯಿ ಬಂದು, ಶರಣಾದವನ ಮಗಳು ನಮ್ಮನೆಗೆ ಬೇಡ ಅಂತ ಅಂಗಳದಲ್ಲೇ ನಿಂತು ಹೇಳಿ ಹೋದ್ಳು. ಹೋಗ್ಲಿ ಬಿಡಿ. ಈಗ ನಮ್ಮೂರ ಸಾಮೂಹಿಕ ಬೇಸಾಯದ ಸಂಘದ ಅಧ್ಯಕ್ಷ ಕೊರ್ನೇಯ್ ಫೋಮಿಚ್ ಹೇಳ್ತಾನೆ, ಸತ್ತಿದ್ದು ನೋಡ್ದೋರು ಇಬ್ಬರು ಬರ್ದು ಸಹಿ ಹಾಕ್ಲಿ, ಆವಾಗ ಕೆತ್ತಿಸ್ತೀನಿ ಅಂತ. ಕಲ್ಲು ಕುಟಿಗ ಇನ್ನು ಹತ್ತು ದಿನ ಇರ್ತಾನೆ.”

“ಅಷ್ಟೇನಾ?”

“ಅಷ್ಟೇ.”

ಎಂಥ ಸುಲಭ ಎನಿಸಿತು ನನಗೆ. ಹಾಳೆ ಎಳೆದುಕೊಂಡು ಅಲ್ಲೇ ಬರೆದೆ. ಸಾರ್ಜೆಂಟ್ ಜುಯೆವ್ ಎಲ್ಲರಿಗಿಂತ ಮೊದಲು ದಡಕ್ಕೆ ಜಿಗಿದರು, ಶತ್ರುವಿನ ಮೆಷಿನ್‌ಗನ್ನಿನತ್ತ ನುಗ್ಗುವಾಗ ಗುಂಡು ತಾಗಿ ವೀರಮರಣ ಹೊಂದಿದರು, ನಾನು ಕಣ್ಣಾರೆ ಕಂಡೆ. ಕೆಳಗೆ ಸಹಿ, ಹುದ್ದೆ, ಪದಕದ ಸಂಖ್ಯೆ. ಯಾರಿಗೂ ನಷ್ಟವಿಲ್ಲ, ನನಗಂತೂ ಇಲ್ಲವೇ ಇಲ್ಲ. ಅವಳು ಬೆರಳಿಟ್ಟು ಒಂದೊಂದೇ ಪದ ಓದಿದಳು.

“ನೋಡಿದ್ರಾ?”

“ಬರ್ದಿದೀನಲ್ಲ.”

“ಬರ್ದಿದೀರಿ. ನೋಡಿದ್ರಾ ಅಂತ ಕೇಳ್ದೆ.”

“ನೋಡ್ದೆ.”

ಅವಳು ನಂಬಲಿಲ್ಲ, ಆದರೆ ಹಾಳೆಯನ್ನು ಮಡಿಸಿಕೊಂಡಳು. ಇನ್ನೊಂದು ಸಹಿ ಯಾರದು ಎಂದಳು. ನನ್ನ ದೋಣಿಯವರಲ್ಲಿ ಬದುಕಿದ್ದವನು ನಜಾರ್ ಒಬ್ಬನೇ. ಯುದ್ಧಕಾಲದಲ್ಲಿ ಅವನು ನನ್ನ ತಾಂಡೇಲ, ನನ್ನ ಕೆಳಗೆ ದೋಣಿಯ ಆಳುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು. ಈಗ ಅದೇ ಬಂದರಿನಲ್ಲಿ, ನನ್ನ ಕಚೇರಿಯಿಂದ ಇನ್ನೂರು ಹೆಜ್ಜೆ ದೂರದ ಕೊಟ್ಟಿಗೆಯಲ್ಲಿ ಬಲೆ ಹೊಲಿಯುತ್ತಾನೆ. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಒಂದು ಬೆಂಕಿಪೊಟ್ಟಣದ ಮೇಲೆ ಬರೆಯಬಹುದು. ವಿಜಯದ ದಿನ ಹಳೆಯ ಸೈನಿಕರೆಲ್ಲ ಒಂದೇ ಮೇಜಿಗೆ ಕೂರುವಾಗ ಅವನು ಆ ತುದಿ, ನಾನು ಈ ತುದಿ. ಸತ್ತವರಿಗಾಗಿ ಎದ್ದು ನಿಂತು ಮಾತಿಲ್ಲದೆ ಕುಡಿಯುವ ಮೂರನೆಯ ಲೋಟದ ಹೊತ್ತಿಗೆ ಅವನು ಪ್ರತಿವರ್ಷ ನನ್ನನ್ನೇ ದಿಟ್ಟಿಸುತ್ತಿದ್ದ. ಆ ನೋಟಕ್ಕೆ ಹೆದರಿ ಮೂರು ವರ್ಷದಿಂದ ನಾನು ಎರಡನೆಯ ಲೋಟಕ್ಕೇ ಹೊಟ್ಟೆನೋವೆಂದು ಎದ್ದು ಬರುತ್ತಿದ್ದೇನೆ.

ಅವಳೊಬ್ಬಳನ್ನೇ ಅವನ ಬಳಿಗೆ ಕಳಿಸುವ ಧೈರ್ಯ ನನಗಿರಲಿಲ್ಲ. ಹಿಂದೆಯೇ ಹೋದೆ.

ನಜಾರ್ ಹಾಳೆಯನ್ನು ಓದಿದ, ಹಿಂದೆ ಕೊಟ್ಟ, ಬಲೆಯ ಸೂಜಿ ಕೈಗೆತ್ತಿಕೊಂಡ.

“ಇದಕ್ಕೆ ನಾನು ಸಹಿ ಹಾಕಲ್ಲ ಕಣಮ್ಮಾ.”

“ಯಾಕೆ?” ಎಂದಳು ಗ್ಲಫಿರಾ.

“ಕ್ಯಾಪ್ಟನ್ ಸಾಹೇಬ್ರನ್ನೇ ಕೇಳು. ಪೇಪರ್ನಲ್ಲಿ ಬರೆಯೋಷ್ಟು ಚೆನ್ನಾಗಿ ನೆನಪಿದೆ ಅವರಿಗೆ.”

“ನಜಾರ್,” ಎಂದೆ, “ಇಪ್ಪತ್ತು ವರ್ಷದಿಂದ ಈ ಹೆಂಗಸು ಅವಮಾನ ಉಣ್ತಾ ಇದಾಳೆ. ಒಂದು ಸಹಿ ಹಾಕೋಕೆ ನಿನ್ನ ಗಂಟೇನು ಹೋಗುತ್ತೆ?”

“ಅವಮಾನ ಉಣ್ಸಿದ್ದು ಯಾರು?” ಅವನು ತಲೆ ಎತ್ತಲಿಲ್ಲ. “ನಾನು ವರದಿ ಬರೆದ್ನಾ? ನನಗೆ ಪದಕ ಕೊಟ್ರಾ? ನೀರು ಅಂತ ಬರಿ, ಸಹಿ ಹಾಕ್ತೀನಿ. ದಡ ಅಂತ ಬರೆದ್ರೆ ಹಾಕಲ್ಲ. ಅವನು ದಡಾನೇ ನೋಡ್ಲಿಲ್ಲ.”

ಗ್ಲಫಿರಾ ಅವನತ್ತಲೂ ನನ್ನತ್ತಲೂ ನೋಡಿದಳು. ಯಾವ ನೀರು ಎಂದು ಕೇಳಿದಳು. ಉತ್ತರ ಕೊಡಬೇಕಾದವನು ನಾನು ಎಂದು ಮೂವರಿಗೂ ಗೊತ್ತಿತ್ತು.

ಆ ಬೆಳಗಿನ ಜಾವ ಏನಾಯಿತೆಂದು ಹೇಳುತ್ತೇನೆ. ಪತ್ರಿಕೆಯಲ್ಲಿ ಬಂದದ್ದನ್ನು ಮರೆತುಬಿಡಿ. ನನಗೆ ಇಪ್ಪತ್ತೈದು ವರ್ಷ, ಲೆಫ್ಟಿನೆಂಟ್. ಮೀನು ಹಿಡಿಯುವ ದೋಣಿಗೆ ಬೂದು ಬಣ್ಣ ಬಳಿದು, ಮೂತಿಗೊಂದು ಮೆಷಿನ್‌ಗನ್ ಸಿಕ್ಕಿಸಿ ಯುದ್ಧನೌಕೆ ಎಂದು ಕೊಟ್ಟಿದ್ದರು. ಇಪ್ಪತ್ತು ಜನ ಹಿಡಿಸುವಲ್ಲಿ ನಲವತ್ತಾರು ಸೈನಿಕರು, ಮದ್ದಿನ ಪೆಟ್ಟಿಗೆಗಳು. ಸೈನಿಕರೆಲ್ಲ ವಾಂತಿ ಮಾಡಿಕೊಂಡು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಹತ್ತಿ ತುಂಬಿದ ಅವರ ಅಂಗಿಗಳು ಅಲೆಯ ನೀರು ಕುಡಿದು ಆಗಲೇ ಭಾರವಾಗಿದ್ದವು. ಅವರ ನಡುವೆ ಸಾರ್ಜೆಂಟ್ ಜುಯೆವ್ ಒಬ್ಬ ಮಾತ್ರ ಎದ್ದು ಓಡಾಡುತ್ತಿದ್ದ, ಒಬ್ಬೊಬ್ಬರ ಸೊಂಟಪಟ್ಟಿ ಮುಟ್ಟಿ ನೋಡುತ್ತಿದ್ದ. ನನಗೆ ಅವನನ್ನು ಕಂಡರೆ ಆಗಲಿಲ್ಲ. ನನ್ನ ದೋಣಿಯಲ್ಲಿ ನನ್ನ ಅಪ್ಪಣೆಯಿಲ್ಲದೆ ಎದ್ದು ನಿಲ್ಲುವವನು ಯಾರವನು ಎಂದು ರೇಗುತ್ತಿತ್ತು.

ದಡ ಇನ್ನೇನು ಬಂತು ಎನ್ನುವಾಗ ಶತ್ರುವಿನ ಶೋಧದೀಪದ ಬೆಳಕು ನಮ್ಮ ಮೇಲೆ ಬಿತ್ತು. ಅದೇ ಹೊತ್ತಿಗೆ ದೋಣಿಯ ತಳ ನೆಲ ಮುಟ್ಟಿತು. ಮುಂದೆ ನಿಂತು ಆಳ ನೋಡುತ್ತಿದ್ದ ನಜಾರ್ ಕೋಲು ಇಳಿಬಿಟ್ಟು, “ಒಂದು ಮೀಟರ್,” ಎಂದ. ಆಮೇಲೆ ನನ್ನ ಹತ್ತಿರ ಓಡಿಬಂದು, “ಇದು ದಡ ಅಲ್ಲ, ಮರಳಿನ ದಿಬ್ಬ. ಇದರಾಚೆ ಆಳ ಇರುತ್ತೆ. ಹಿಂದೆ ಹೋಗಿ, ಅಲೆ ಬಂದಾಗ ಹಾರಿಸಿಕೊಂಡು ದಾಟೋಣ,” ಎಂದ. ನಾನು ಆಜೊವ್ ಸಮುದ್ರದ ಬೆಸ್ತರ ಮನೆಯಲ್ಲಿ ಹುಟ್ಟಿದವನು. ಮರಳಿನ ದಿಬ್ಬ ಎಂದರೇನು ಎಂದು ನನಗೆ ಯಾವ ತಾಂಡೇಲನೂ ಹೇಳಿಕೊಡಬೇಕಿರಲಿಲ್ಲ. ಗೊತ್ತಾಗಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಗೊತ್ತಿತ್ತು. ಹಿಂದೆ ಹೋಗಿ ಮತ್ತೆ ಬರುವುದೆಂದರೆ ಆ ಬೆಳಕಿನಲ್ಲಿ ಇನ್ನೂ ಐದು ನಿಮಿಷ ನಿಲ್ಲಬೇಕು. ಪಕ್ಕದ ದೋಣಿ ಆಗಲೇ ಉರಿಯುತ್ತಿತ್ತು.

“ಇಳೀರಿ,” ಎಂದೆ. ಅವರು ಇಳಿದರು.

ಹತ್ತು ಹನ್ನೆರಡು ಹೆಜ್ಜೆ ಸೊಂಟದುದ್ದ ನೀರಿನಲ್ಲಿ ನಡೆದರು. ಆಮೇಲೆ ಮುಂದಿನವರ ತಲೆಗಳು ಕಾಣಲಿಲ್ಲ. ಸದ್ದು ಮಾಡಬಾರದೆಂದು ಅವರಿಗೆ ಆಜ್ಞೆಯಾಗಿತ್ತು. ಅವರು ಸದ್ದು ಮಾಡಲಿಲ್ಲ. ನನಗೆ ಈಗಲೂ ತಡೆಯಲಾಗದ್ದು ಅದು. ಕೂಗಿಕೊಂಡಿದ್ದರೆ ನಾನು ಏನಾದರೂ ಮಾಡುತ್ತಿದ್ದೆನೋ ಏನೋ. ಈಜು ಬರುವವರು, ಉದ್ದವಿದ್ದವರು, ಪೆಟ್ಟಿಗೆ ಹೊರದವರು ಆ ಆಳ ದಾಟಿದರು. ಉಳಿದವರು ದಾಟಲಿಲ್ಲ.

ಜುಯೆವ್ ಹಿಂದಕ್ಕೆ ಬಂದ. ಸೈನಿಕನೊಬ್ಬನ ಕುತ್ತಿಗೆಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು ಎಳೆದುಕೊಂಡು ಬಂದು, ಇನ್ನೊಂದು ಕೈಯಿಂದ ದೋಣಿಯ ಅಂಚು ಹಿಡಿದ. ಅವನ ಮುಖ ನನ್ನ ಮಂಡಿಯ ಹತ್ತಿರವಿತ್ತು.

“ಲೆಫ್ಟಿನೆಂಟ್, ಮುಂದೆ ಆಳ ಇದೆ. ಇವನಿಗೆ ಈಜು ಬರಲ್ಲ. ಇವನನ್ನ ಎತ್ಕೊಳ್ಳಿ.”

“ಕೈ ತೆಗಿ,” ಎಂದೆ.

“ಇವನನ್ನ ಎತ್ಕೊಳ್ಳಿ. ನಾನು ಹೋಗ್ತೀನಿ.”

ನಜಾರ್ ಬಗ್ಗಿ ಅವನ ಮಣಿಕಟ್ಟು ಹಿಡಿದಿದ್ದ. ನಾನು ಎಂಜಿನ್ನಿನವನಿಗೆ ಪೂರ್ತಿ ಹಿಂದಕ್ಕೆ ಎಂದು ಕೂಗಿದೆ. ದೋಣಿ ಅಂಚು ಹಿಡಿದಿದ್ದ ಅವನನ್ನೂ ಎಳೆದುಕೊಂಡು ದಿಬ್ಬದಿಂದ ಹಿಂದಕ್ಕೆ, ಆಳಕ್ಕೆ ಜಾರಿತು. ನಜಾರನಿಗೆ ಕೂಡ ಕೂಗಿದೆ, ಬಿಡು, ಇಲ್ಲದಿದ್ದರೆ ಗುಂಡು ಹಾರಿಸುತ್ತೇನೆ ಎಂದು. ಅವನು ಬಿಟ್ಟ. ನೀರಿನ ಮೇಲೆ ಆ ಇಬ್ಬರ ತಲೆ ಮತ್ತೆ ಕಾಣಲಿಲ್ಲ.

ಬಂದರಿಗೆ ಬಂದು ವರದಿ ಬರೆದೆ. ನಲವತ್ತಾರು ಮಂದಿ, ದಡ ಸೇರಿಸಲಾಗಿದೆ, ದೋಣಿಯಲ್ಲಿ ಸಾವುನೋವಿಲ್ಲ. ನಮ್ಮ ನೌಕಾಪಡೆಯ ಕ್ರಮದಲ್ಲಿ ಅದು ಸುಳ್ಳಲ್ಲ. ಸೈನಿಕನ ಬೂಟು ದೋಣಿಯ ಅಂಚು ದಾಟಿತೆಂದರೆ ಅವನು ನಮ್ಮವನಲ್ಲ, ಭೂಸೇನೆಯವನು. ಭೂಸೇನೆಯವರು ದಡದ ಮೇಲೆ ಸಾಲು ನಿಲ್ಲಿಸಿ ಎಣಿಸಿದಾಗ ಮೂವತ್ತೆರಡು ಜನ ಸಿಕ್ಕರು. ನೌಕಾಪಡೆ ನಲವತ್ತಾರು ಇಳಿಸಿದ್ದೇನೆ ಎನ್ನುತ್ತಿದೆ, ನಮ್ಮಲ್ಲಿ ಹೆಣವಿಲ್ಲ, ಹಾಗಾದರೆ ಹದಿನಾಲ್ಕು ಜನ ದಡಕ್ಕೆ ಬಂದು ಎಲ್ಲಿಗೋ ಹೋಗಿದ್ದಾರೆ ಎಂದು ಅವರು ಬರೆದುಕೊಂಡರು. ಸುಳಿವಿಲ್ಲದೆ ಕಾಣೆ. ನನ್ನ ಒಂದು ಸಾಲಿಗೂ ಅವರ ಒಂದು ಸಾಲಿಗೂ ನಡುವೆ ಹದಿನಾಲ್ಕು ಜನ ಮುಳುಗಿದರು. ನನಗೆ ಪದಕ ಬಂತು.

ಇದನ್ನೆಲ್ಲ ಆ ಕೊಟ್ಟಿಗೆಯಲ್ಲಿ ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಮನಸ್ಸಿದ್ದವನಲ್ಲ ನಾನು. ನಜಾರ್ ಬಲೆ ಹೊಲಿಯುತ್ತ ಕೆಣಕುತ್ತಲೇ ಇದ್ದ.

“ಏನ್ ಕ್ಯಾಪ್ಟನ್, ಮಾತು ನಿಂತೋಯ್ತು. ಶಾಲೆ ಮಕ್ಕಳ ಮುಂದೆ ಗಂಟೆಗಟ್ಟಲೆ ಕೊರೀತೀರಂತೆ.”

“ಬಾಯ್ಮುಚ್ಚು.”

“ಇಪ್ಪತ್ತೆರಡು ವರ್ಷ ಮುಚ್ಚಿದೀನಿ. ನಾನೂ ಕೈ ಬಿಟ್ಟೋನೇ. ನನ್ನದನ್ನೂ ಬರಿ.”

ಗ್ಲಫಿರಾ ನನ್ನ ಎದುರಿಗೆ ಬಂದು ನಿಂತಳು. “ನನಗೆ ಏನಾದ್ರೂ ಆಗ್ಲಿ, ಹೆಸರು ಬೇಕು. ಅವನು ಏನು ಹೇಳ್ತಾನೋ ಅದನ್ನ ಬರೀರಿ.”

“ಬೇಕಾ?” ಎಂದೆ. “ಆಮೇಲೆ ಅಳ್ಬೇಡ.”

ದ್ವೇಷದಿಂದಲೇ ಬರೆದೆ. ಮುಚ್ಚಿಟ್ಟು ಹೇಳಲಾರೆ. ಪಶ್ಚಾತ್ತಾಪವೂ ಇಲ್ಲ, ಮಣ್ಣೂ ಇಲ್ಲ. ನನ್ನ ಬದುಕಿನೊಳಕ್ಕೆ ಬೂಟು ಹಾಕಿಕೊಂಡು ನುಗ್ಗಿದ ಈ ಹೆಂಗಸಿಗೆ ನೋವಾಗಲಿ ಎಂದೇ ಬಲೆಯ ಪೀಪಾಯಿಯ ಮೇಲೆ ಹಾಳೆ ಇಟ್ಟು ಎಲ್ಲವನ್ನೂ ಬರೆದೆ. ದಿಬ್ಬ, ಆಳ, ಮುಳುಗಿದ ಹದಿನಾಲ್ಕು ಜನ, ಆ ಈಜು ಬಾರದವನು, ಅಂಚಿನ ಮೇಲಿನ ಕೈ, ನನ್ನ ಆಜ್ಞೆ, ನಜಾರ್ ಬಿಟ್ಟದ್ದು. ಬರೆದು ಅವಳ ಕೈಗೆ ತುರುಕಿದೆ. ತಗೋ, ಮೆತ್ತಗಿದೆಯಾ ನೋಡು ಎಂದೆ.

ಅವಳು ಕಿಟಕಿಯ ಹತ್ತಿರ ಹೋಗಿ ಓದಿದಳು. ಮೊದಲಿನ ಹಾಗೆಯೇ ಬೆರಳಿಟ್ಟು, ಒಂದೊಂದೇ ಪದ. ಬಹಳ ಹೊತ್ತು ಹಿಡಿಯಿತು. ನಜಾರ್ ಸೂಜಿ ಕೆಳಗಿಟ್ಟ. ಅವಳು ನನ್ನ ಮೇಲೆ ಬೀಳುತ್ತಾಳೆ, ಮುಖಕ್ಕೆ ಉಗುಳುತ್ತಾಳೆ ಎಂದು ಕಾಯುತ್ತ ನಿಂತಿದ್ದೆ. ಹಾಗೆ ಮಾಡಿದ್ದರೆ ಚೆನ್ನಾಗಿತ್ತು.

“ಇಲ್ಲಿ ಗೀಚಿಬಿಟ್ಟಿದೀರಿ,” ಎಂದಳು. “ಅಕ್ಷರ ತಿಳಿಯಲ್ಲ. ಕಚೇರಿಯವರು ಓದೋಕಾಗಲ್ಲ ಅಂತ ವಾಪಸ್ ಕಳಿಸ್ತಾರೆ. ಇನ್ನೊಂದ್ಸಲ ನೆಟ್ಟಗೆ ಬರ್ದುಕೊಡಿ.”

ಇನ್ನೊಂದು ಸಲ ಬರೆದೆ. ಮೊದಲ ಸಲ ಸಿಟ್ಟಿನಲ್ಲಿ ಬರೆದುಬಿಟ್ಟಿದ್ದೆ. ಎರಡನೆಯ ಸಲ ಸಿಟ್ಟಿರಲಿಲ್ಲ. ಶಾಲೆಯ ಮಗುವಿನಂತೆ ದುಂಡಗೆ, ಒಂದೊಂದೇ ಅಕ್ಷರ. ‘ಅವರ ಕೈ ಅಂಚಿನ ಮೇಲಿರುವಾಗಲೇ’ ಎಂದು ಬರೆಯುವಾಗ ಅವಳು ನನ್ನ ಹೆಗಲ ಹಿಂದೆ ನಿಂತು ನೋಡುತ್ತಿದ್ದಳು. ಅವಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ನಜಾರ್ ತನ್ನ ಹೆಸರನ್ನು ಕೆಳಗೆ ಗೀಚಿದ. ಅವಳು ಹಾಳೆಯನ್ನು ಎದೆಯೊಳಗಿಟ್ಟುಕೊಂಡು ಗಂಟು ಎತ್ತಿಕೊಂಡಳು. ಆ ಸೈನಿಕನ ಹೆಸರೇನು, ಪ್ರೋಖೊರ್ ಎಳ್ಕೊಂಡು ಬಂದವನದು ಎಂದು ಬಾಗಿಲಲ್ಲಿ ಕೇಳಿದಳು. ಗೊತ್ತಿಲ್ಲ ಎಂದೆ. ಗೊತ್ತಿಲ್ಲದೇ ಇದ್ದದ್ದು ನಿಜ.

ಮೇ ತಿಂಗಳ ಆರಂಭದಲ್ಲಿ ಆ ಹಳ್ಳಿಯಿಂದ ಆಹ್ವಾನ ಪತ್ರ ಬಂತು. ಅಧ್ಯಕ್ಷ ಕೊರ್ನೇಯ್ ಫೋಮಿಚ್‌ನ ಮೊಹರು ಇತ್ತು. ಸಾಕ್ಷಿ ಹೇಳಿದ ಅಧಿಕಾರಿಯೇ ಕಲ್ಲಿನ ಮುಂದೆ ನಿಂತು ಓದಬೇಕೆಂದು ವಿಧವೆ ಗ್ಲಫಿರಾ ತಿಖೋನೊವ್ನಾ ಕೇಳಿಕೊಂಡಿದ್ದಾರೆ, ಪದಕಗಳನ್ನು ಧರಿಸಿ ಬರಬೇಕು ಎಂದಿತ್ತು. ಹರಿದು ಒಲೆಗೆ ಹಾಕಿದೆ. ಹಾಕಿದ ಮೇಲೂ ನಿದ್ದೆ ಬರಲಿಲ್ಲ. ಒಂಬತ್ತನೆಯ ತಾರೀಕು ಬೆಳಿಗ್ಗೆ ಬಸ್ ಹತ್ತಿದರೆ ನಜಾರ್ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದ. ಎರಡು ಗಂಟೆಯ ದಾರಿಯಲ್ಲಿ ಇಬ್ಬರೂ ಕಿಟಕಿ ನೋಡಿಕೊಂಡು ಹೋದೆವು.

ಅಧ್ಯಕ್ಷ ದಪ್ಪನೆಯ ಮನುಷ್ಯ, ಬೆವರುತ್ತಿದ್ದ. ನನ್ನನ್ನು ಪಕ್ಕಕ್ಕೆ ಕರೆದು ತೋಳು ಹಿಡಿದ.

“ಕಾಮ್ರೇಡ್, ಹಬ್ಬದ ದಿನ. ಮಕ್ಕಳಿದಾರೆ. ಮುಳುಗಿ ತೀರಿಕೊಂಡ್ರು ಅನ್ನೋ ತನಕ ಓದಿ, ಸಾಕು. ಆಮೇಲಿಂದು ಯಾಕೆ? ನಿಮಗೂ ಒಳ್ಳೇದಲ್ಲ, ನಮಗೂ ಒಳ್ಳೇದಲ್ಲ.”

ಅವನ ಕೈ ಹಿಡಿದು ಕುಲುಕಿದೆ. ಇಷ್ಟು ಬುದ್ಧಿವಂತ ಅಧ್ಯಕ್ಷನನ್ನು ನಾನು ನೋಡಿರಲಿಲ್ಲ.

ಕಲ್ಲು ಸಣ್ಣದಾಗಿತ್ತು, ಹೆಸರುಗಳು ಬಹಳವಿದ್ದವು. ಜುಯೆವ್ ಪ್ರೋಖೊರ್ ಎಂಬುದು ಎಲ್ಲಕ್ಕಿಂತ ಕೆಳಗೆ, ಉಳಿದವುಗಳಿಗಿಂತ ಬಿಳಿಯಾಗಿ ಕಾಣುತ್ತಿತ್ತು. ಇಡೀ ಹಳ್ಳಿ ಸೇರಿತ್ತು. ಸಾಸೇಜಿನ ಮಾತಾಡಿದವರೂ, ಅಂಗಳದಲ್ಲಿ ನಿಂತು ಮದುವೆ ಮುರಿದವಳೂ ಅಲ್ಲೇ ಎಲ್ಲೋ ಇದ್ದಿರಬೇಕು. ಗ್ಲಫಿರಾ ನಾನು ಬರೆದುಕೊಟ್ಟಿದ್ದ ಹಾಳೆಯನ್ನು ನನ್ನ ಕೈಗಿಟ್ಟು ಎಡಕ್ಕೆ ನಿಂತಳು. ಅವಳ ಮಗಳು ಅವಳ ಕೈ ಹಿಡಿದಿದ್ದಳು. ಜನರ ಹಿಂದೆ ನಜಾರ್ ಟೋಪಿ ತೆಗೆದು ನಿಂತಿದ್ದ.

ಓದಿದೆ. ದನಿ ಚೆನ್ನಾಗಿಯೇ ಬಂತು, ಶಾಲೆಗಳಲ್ಲಿ ಅಭ್ಯಾಸವಾಗಿತ್ತಲ್ಲ. ದೋಣಿ ಮರಳಿನ ದಿಬ್ಬಕ್ಕೆ ತಾಗಿತು, ಆಚೆ ಆಳವಿತ್ತು, ಸಾರ್ಜೆಂಟ್ ಜುಯೆವ್ ಶರಣಾಗಲಿಲ್ಲ, ಓಡಿಹೋಗಲಿಲ್ಲ, ಸಂಗಡಿಗನನ್ನು ಉಳಿಸುವ ಪ್ರಯತ್ನದಲ್ಲಿ ಮುಳುಗಿ ತೀರಿಕೊಂಡರು. ಯಾರೋ ಮುದುಕಿ ಗಟ್ಟಿಯಾಗಿ ಅತ್ತಳು. ಗಂಡಸರು ಟೋಪಿ ತೆಗೆದರು. ಅಧ್ಯಕ್ಷ ಒಂದು ಹೆಜ್ಜೆ ಮುಂದೆ ಬಂದು, “ಧನ್ಯವಾದ, ಕಾಮ್ರೇಡ್ ಕ್ಯಾಪ್ಟನ್,” ಎಂದ. ನಾನು ಹಾಳೆ ಮಡಿಸಿದೆ.

“ಇನ್ನೂ ಎರಡು ಸಾಲಿದೆ,” ಎಂದಳು ಗ್ಲಫಿರಾ.

ಜೋರಾಗಿ ಹೇಳಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು.

“ಗ್ಲಫಿರಾ ತಿಖೋನೊವ್ನಾ, ಸಾಕು,” ಎಂದ ಅಧ್ಯಕ್ಷ. “ಹೆಸರು ಬಂತಲ್ಲ. ಇನ್ನೇನು ಬೇಕು ನಿಮಗೆ?”

“ನಿಮ್ಮನ್ನ ಕೇಳ್ಲಿಲ್ಲ, ಕೊರ್ನೇಯ್ ಫೋಮಿಚ್.” ಅವಳು ನನ್ನ ಕಡೆ ತಿರುಗಿದಳು. “ಅರ್ಸೇನಿ ಲುಕಿಚ್, ಇನ್ನೂ ಎರಡು ಸಾಲಿದೆ. ಓದಿ.”

ನನ್ನ ಹೆಸರನ್ನೂ ತಂದೆಯ ಹೆಸರನ್ನೂ ಸೇರಿಸಿ, ಮರ್ಯಾದೆ ಕೊಟ್ಟು ಅವಳು ಕರೆದದ್ದು ಅದೊಂದೇ ಸಲ. ಹಾಳೆ ಬಿಚ್ಚಿದೆ. ದುಂಡಗೆ ಬರೆದಿದ್ದರಿಂದ ಓದಲು ಕಷ್ಟವೇನೂ ಆಗಲಿಲ್ಲ.

‘ಸಾರ್ಜೆಂಟ್ ಜುಯೆವ್ ಹಿಂದಿರುಗಿ ಬಂದು ದೋಣಿಯ ಅಂಚನ್ನು ಹಿಡಿದು, ಈಜು ಬಾರದ ಸೈನಿಕನನ್ನು ಎತ್ತಿಕೊಳ್ಳಿರೆಂದು ಎರಡು ಸಲ ಕೇಳಿದರು. ಅವರ ಕೈ ಅಂಚಿನ ಮೇಲಿರುವಾಗಲೇ ದೋಣಿಯನ್ನು ಹಿಂದಕ್ಕೆ ತೆಗೆಯುವಂತೆಯೂ, ಅವರನ್ನು ಹಿಡಿದಿದ್ದ ತಾಂಡೇಲನು ಕೈ ಬಿಡುವಂತೆಯೂ ಆಜ್ಞೆ ಮಾಡಿದವನು ನಾನು.’

ಯಾರೂ ಬೈಯಲಿಲ್ಲ, ಕಲ್ಲು ಎಸೆಯಲಿಲ್ಲ. ಜನ ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದರು, ಅಷ್ಟೇ. ಆಮೇಲೆ ಒಬ್ಬೊಬ್ಬರಾಗಿ ಗ್ಲಫಿರಾಳ ಹತ್ತಿರ ಹೋಗಿ ತಲೆಬಾಗಿ ಬಂದರು.

ಬಸ್ ಐದು ಗಂಟೆಗಿತ್ತು, ಬೇರೆ ದಾರಿಯಿರಲಿಲ್ಲ. ಹಸಿರು ಬಯಲಿನಲ್ಲಿ ಉದ್ದನೆಯ ಮೇಜು ಹಾಕಿದ್ದರು. ಬೆಂಚಿನ ತುದಿಯಲ್ಲಿ ಕುಳಿತೆ. ಪಕ್ಕದಲ್ಲಿದ್ದವರು ಎದ್ದು ಬೇರೆಡೆ ಹೋದರು. ಮೂರನೆಯ ಲೋಟದ ಹೊತ್ತಿಗೆ ಎಲ್ಲರೂ ಎದ್ದು ನಿಂತರು, ನಾನೂ ನಿಂತೆ, ಆ ತುದಿಯಲ್ಲಿ ನಜಾರ್ ಈ ಸಲ ನನ್ನನ್ನು ನೋಡಲಿಲ್ಲ. ಕುಳಿತ ಮೇಲೆ ಗ್ಲಫಿರಾ ಒಂದು ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆಯನ್ನೂ ಉಪ್ಪು ಹಾಕಿದ ಹಂದಿಕೊಬ್ಬಿನ ಎರಡು ಹೋಳುಗಳನ್ನೂ ತಂದು ನನ್ನ ಮುಂದೆ ಕುಕ್ಕಿದಳು.

“ತಿನ್ನಿ,” ಎಂದಳು. “ಹಸಿದ್ಕೊಂಡು ಹೋದ್ರು ಅಂತ ಮಾತು ಬರೋದು ಬೇಡ. ತಿಂದು ಹೋಗಿ, ಮತ್ತೆ ಬರಬೇಡಿ. ಇನ್ನೂ ಹದಿಮೂರು ಮನೆ ಇವೆ ನಿಮಗೆ.”

ಅವಳು ನಿಂತು ನೋಡುತ್ತಿದ್ದಳು. ನಾನು ತಿಂದೆ.